ಲಾಂಡ್ರಿಯಲ್ಲಿ ಒಂದು ಕುದುರೆ

ಮಂಗಳವಾರ, ಮಧ್ಯಾಹ್ನ
ಗೆಸ್ಟ್ ಹೌಸಿನ ಮೇಲಿನ ಕೋಣೆ

ಅಮ್ಮಾ,

ಮೊದಲು ಸಮಾಚಾರ. ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಇಲ್ಲಿಯವರೆಗೆ ಕಳೆದದ್ದು ಅಪ್ಪನ ಒಂದು ಕೈಗವಸು ಮಾತ್ರ. ಉಳಿದ ಇನ್ನೊಂದನ್ನು ಅವರು ಹಟಕ್ಕೆ ಬಿದ್ದವರಂತೆ ಹಾಕಿಕೊಂಡೇ ಓಡಾಡುತ್ತಿದ್ದಾರೆ. ಒಂದು ಕೈಯಾದರೂ ಬೆಚ್ಚಗಿರಲಿ ಅನ್ನುವುದು ಅವರ ವಾದ.

ಫೋನ್ ಬಿಟ್ಟು ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಅಂದುಕೊಳ್ಳಬೇಡ. ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಇರುತ್ತಾರೆ. ನಾನು ಒಂದು ವಾಕ್ಯ ಮುಗಿಸುವುದರೊಳಗೆ ಫೋನ್ ಕಿತ್ತುಕೊಂಡು ನಿನಗೆ ಇಲ್ಲಿನ ಚಳಿಯ ವರದಿ ಒಪ್ಪಿಸುತ್ತಾರೆ. ನೀನೋ, ದಿನವಿಡೀ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ದೇಶವಿದೇಶದ ಕರೆಗಳನ್ನೆಲ್ಲ ಆ ವಾರ್ಡಿಗೆ ಈ ವಾರ್ಡಿಗೆ ಜೋಡಿಸಿ ಬರುವವಳು. ಮನೆಗೆ ಬಂದ ಮೇಲೆ ಫೋನ್ ಕಂಡರೆ ನಿನಗಾಗದು. ಹೂಂ, ಸರಿ, ಊಟ ಆಯ್ತಾ, ಇಡ್ತೀನಿ ಅನ್ನುವಷ್ಟರಲ್ಲಿ ನಮ್ಮ ತಾಯಿಮಗಳ ಸಂಭಾಷಣೆ ಮುಗಿದಿರುತ್ತದೆ. ಹೀಗಾಗಿ ಇಲ್ಲಿ ನಡೆದದ್ದು ನಿನಗೆ ಇನ್ನೂ ಗೊತ್ತೇ ಇಲ್ಲ. ಅಪ್ಪ ಈಗ ಕೆಳಗಿದ್ದಾರೆ. ಗೆಸ್ಟ್ ಹೌಸಿನ ಯಜಮಾನ ವ್ಯಾನನ್ನು ಗೇಟಿನೊಳಗೆ ಹಿಮ್ಮುಖವಾಗಿ ತರುವ ರೀತಿ ಅವರಿಗೆ ಹಿಡಿಸಿಲ್ಲ. ಭಾಷೆ ಬಾರದಿದ್ದರೇನು, ಕೈಸನ್ನೆಯಲ್ಲೇ ಪಾಠ ಶುರುವಾಗಿದೆ. ಡ್ರೈವಿಂಗ್ ಸ್ಕೂಲ್ ನಡೆಸುವ ಮನುಷ್ಯನನ್ನು ಜೊತೆಗೆ ಕಟ್ಟಿಕೊಂಡು ಪರದೇಶ ಸುತ್ತಬಾರದು ಅಮ್ಮಾ. ಅದೇನೇ ಇರಲಿ, ಬರೆಯಲು ಪುರಸೊತ್ತು ಸಿಕ್ಕಿತು.

ನಾನು ಪಶುವೈದ್ಯೆಯಾಗಿ ಕಾಲೇಜಿನಿಂದ ಹೊರಬಿದ್ದು, ಇನ್ನೇನು ಒಂದು ಒಳ್ಳೆಯ ಕ್ಲಿನಿಕ್ ಸೇರುತ್ತೇನೆ ಅಂತ ಎಲ್ಲರೂ ಕಾಯುತ್ತಿದ್ದಾಗ, ನಾಟಕ ಕಲಿಯಬೇಕು ಅಂತ ಬಾಂಬು ಹಾಕಿದೆನಲ್ಲ, ಆವತ್ತಿನ ಮನೆ ನೆನಪಿದೆಯಾ? ದೊಡ್ಡಪ್ಪ ಬಂದು, ದನಕ್ಕೆ ಸೂಜಿ ಚುಚ್ಚೋ ಕೈಗೆ ಬಣ್ಣ ಹಚ್ಚಿಕೊಳ್ಳೋ ಹುಚ್ಚು ಯಾಕೆ ಬಂತು ಅಂತ ಗಂಟೆಗಟ್ಟಲೆ ಕೂತರು. ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟು, ಆಮೇಲೆ ಮಾತಾಡದೆ ಇರಲಾಗದೆ, ಆಯ್ತು ಹೋಗು, ಆದರೆ ಶಾಲೆ ನಾನು ನೋಡಿಯೇ ಸೇರಿಸೋದು ಅಂದರು. ನೀನೊಬ್ಬಳು ಮಾತ್ರ ಏನೂ ಹೇಳಲಿಲ್ಲ. ಈ ಊರಿನ ಎರಡು ಶಾಲೆಗಳು ನನ್ನ ವಿಡಿಯೋ ನೋಡಿ ಸೀಟು ಕೊಟ್ಟು, ಒಂದು ದಿನ ಬಂದು ಕ್ಲಾಸಿನಲ್ಲಿದ್ದು ನೋಡಿ, ಆಮೇಲೆ ತೀರ್ಮಾನ ಮಾಡಿ ಅಂತ ಬರೆದಾಗಲೂ ಅಷ್ಟೇ. ಯಾವುದಕ್ಕೆ ಹೋಗಲಿ ಅಂತ ಕೇಳಿದರೆ, ಅದು ನಿನಗೆ ಬಿಟ್ಟದ್ದು ಅಂದು ಡ್ಯೂಟಿಗೆ ಹೊರಟೆ. ನಿಜ ಹೇಳಲಾ, ನನಗೆ ಆಗ ಸ್ವಲ್ಪ ಚುರುಕ್ ಅಂದಿತ್ತು. ಬೈದಿದ್ದರೂ ಇಷ್ಟು ಅನಿಸುತ್ತಿರಲಿಲ್ಲ.

ಇರಲಿ, ಕಥೆಗೆ ಬರುತ್ತೇನೆ.

ಮೊದಲು ನೋಡಿದ್ದು ದೊಡ್ಡ ಶಾಲೆ. ಹೆಸರು ಹೇಳಿದರೆ ಟ್ಯಾಕ್ಸಿಯವರಿಗೂ ಗೊತ್ತು. ಗಾಜಿನ ಕಟ್ಟಡ, ಸದ್ದೇ ಇಲ್ಲದ ಲಿಫ್ಟು, ಪ್ರತಿ ಮಹಡಿಯಲ್ಲೂ ಬೆಂಕಿ ಆರಿಸುವ ಸಿಲಿಂಡರು. ಅಪ್ಪ ಒಂದೊಂದು ಸಿಲಿಂಡರಿನ ಮುಂದೂ ನಿಂತು ತಾರೀಕು ಓದಿ ತಲೆದೂಗಿದರು. ಕಾರಿಡಾರಿನ ಎರಡೂ ಗೋಡೆಗಳಲ್ಲಿ ಇಲ್ಲಿ ಓದಿ ದೊಡ್ಡವರಾದವರ ಫೋಟೋಗಳು. ಕಾರು ನಿಲ್ಲಿಸುವ ಜಾಗದ ಗೆರೆಗಳು ಎಷ್ಟು ನೇರವಾಗಿವೆ ನೋಡು ಅಂತ ಅಪ್ಪ ಕಿಟಕಿಯಿಂದ ತೋರಿಸಿದಾಗಲೇ ನನಗೆ ಗೊತ್ತಾಯಿತು, ಅವರ ಮಟ್ಟಿಗೆ ತೀರ್ಮಾನ ಆಗಿಹೋಗಿದೆ ಅಂತ.

ಅಲ್ಲಿಗೆ ಬರುವಾಗ ಒಂದು ಪ್ರಾಣಿಯನ್ನು ಅಭ್ಯಾಸ ಮಾಡಿಕೊಂಡು ಬರಬೇಕಿತ್ತು. ನಟನೆ ಕಲಿಸುವವರು ಹಾಗೆ ಮಾಡಿಸುತ್ತಾರೆ, ಮನುಷ್ಯರನ್ನು ಆಡುವ ಮೊದಲು ಪ್ರಾಣಿಯನ್ನು ಆಡಿಸುತ್ತಾರೆ. ನನಗಂತೂ ಹಬ್ಬವೇ. ಉಳಿದವರು ಬೆಕ್ಕಾಗಿ ಮೈಮುರಿದರು, ಕೋತಿಯಾಗಿ ಕುರ್ಚಿ ಹತ್ತಿದರು. ನಾನು ಮುಂಗಾಲಿನ ಗೊರಸು ನೋಯುವ ಒಂದು ಮುದಿ ಹೆಣ್ಣುಕುದುರೆಯಾದೆ. ಕುದುರೆ ಹಿಂಗಾಲನ್ನು ಸಡಿಲ ಬಿಟ್ಟು ನಿಂತರೆ ಅದು ಆರಾಮಾಗಿದೆ ಅಂತ ಅರ್ಥ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿದರೆ ನೋವಿದೆ ಅಂತ. ಇದನ್ನು ನಾನು ಎಷ್ಟು ಲಾಯಗಳಲ್ಲಿ ನೋಡಿಲ್ಲ! ಕಿವಿ, ಕುತ್ತಿಗೆ, ಉಸಿರು, ಎಲ್ಲವನ್ನೂ ಪುಸ್ತಕದಲ್ಲಿರುವಂತೆ ಮಾಡಿದೆ. ಪ್ರಿನ್ಸಿಪಾಲರು ಎದ್ದು ನಿಂತು ಚಪ್ಪಾಳೆ ಹೊಡೆದರು. ಇಷ್ಟು ಕರಾರುವಾಕ್ಕಾದ ಕೆಲಸ ನೋಡಿ ಬಹಳ ದಿನವಾಯಿತು ಅಂದರು. ಪಶುವೈದ್ಯೆಯೊಬ್ಬಳು ನಟಿಯಾಗಲು ಬಂದಿದ್ದಾಳೆ ಅನ್ನುವುದು ಅವರಿಗೆ ಬಹಳ ಹಿಡಿಸಿ, ಶಾಲೆಯ ಪರಿಚಯ ಪುಸ್ತಕದಲ್ಲಿ ಹಾಕುತ್ತೇವೆ ಅಂತ ಫೋಟೋನೂ ತೆಗೆಸಿದರು. ನನಗೆ ಹಿಗ್ಗೋ ಹಿಗ್ಗು. ಆ ಸಂಜೆ ನಡೆದದ್ದಲ್ಲ, ತೇಲಿಕೊಂಡು ಬಂದದ್ದು. ಅಪ್ಪನಂತೂ ದಾರಿಯಲ್ಲಿ ಒಂದು ಅಂಗಡಿಯ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡರು, ಫೋಟೋ ಅವರದೇ ತೆಗೆದ ಹಾಗೆ.

ಮಾರನೆಯ ದಿನ ಸಣ್ಣ ಶಾಲೆ. ನೋಡುವುದೇನಿದೆ, ಬೇಡ ಅಂತ ಹೇಳಿಕಳಿಸು ಅಂದರು ಅಪ್ಪ. ಬರುತ್ತೇನೆ ಅಂದ ಮೇಲೆ ಹೋಗದಿದ್ದರೆ ಮರ್ಯಾದೆಯಲ್ಲ ಅಂತ ನಾನೇ ಎಳೆದುಕೊಂಡು ಹೋದೆ.

ಅದು ಹಿಂದೆ ಬಟ್ಟೆ ಒಗೆಯುವ ಲಾಂಡ್ರಿ ಆಗಿತ್ತಂತೆ. ನೆಲದಲ್ಲಿ ಇನ್ನೂ ನೀರು ಹರಿಯುವ ಕಾಲುವೆಗಳಿವೆ, ಚಾವಣಿಯಲ್ಲಿ ಹಾಸಿಗೆ ಬಟ್ಟೆ ತೂಗುಹಾಕುತ್ತಿದ್ದ ಕೊಕ್ಕೆಗಳಿವೆ. ಮೂಲೆಯಲ್ಲಿ ಮೂಗಿಟ್ಟರೆ ಸಾಬೂನಿನ ವಾಸನೆ ಈಗಲೂ ಬರುತ್ತದೆ, ನಾನು ಇಟ್ಟು ನೋಡಿದ್ದೇನೆ. ಲಿಫ್ಟಿಲ್ಲ, ಫೋಟೋಗಳಿಲ್ಲ. ಬಾಗಿಲ ಬಳಿ ಒಂದು ಮೇಜು, ಅದರ ಹಿಂದೆ ಕತ್ತಿನ ಸುತ್ತ ದಪ್ಪ ಮಫ್ಲರು ಸುತ್ತಿಕೊಂಡ ಆಫೀಸಿನಾಕೆ. ಒಳಗೆ ಶಾಲೆ ನಡೆಸುವ ಹೆಂಗಸು. ಅರವತ್ತು ದಾಟಿದವರು, ಗಂಡಸರ ಸ್ವೆಟರು, ಕತ್ತರಿಸಿದ ಬಿಳಿಗೂದಲು, ಹಳೇ ಕಾಲದ ಮೇಷ್ಟ್ರ ಗತ್ತು. ನಾನೂ ಅಪ್ಪನೂ ಅವರಿಗೆ ಮೇಷ್ಟ್ರಮ್ಮ ಅಂತಲೇ ಹೆಸರಿಟ್ಟಿದ್ದೇವೆ.

ಏನಾದರೂ ತೋರಿಸು ಅಂದರು. ಹಿಂದಿನ ದಿನದ ಕುದುರೆ ಇತ್ತಲ್ಲ, ಧೈರ್ಯವಾಗಿ ಅದನ್ನೇ ತಂದು ನಿಲ್ಲಿಸಿದೆ. ಮುಗಿದ ಮೇಲೆ ಚಪ್ಪಾಳೆಗೆ ಕಾಯುತ್ತಾ ನಿಂತೆ. ಮೇಷ್ಟ್ರಮ್ಮ ಗಲ್ಲ ಕೆರೆದುಕೊಂಡರು.

"ನನಗೆ ಡಾಕ್ಟರು ಕಾಣಿಸಿದರು," ಅಂದರು. "ಬಹಳ ಒಳ್ಳೆಯ ಡಾಕ್ಟರು. ಕುದುರೆ ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಕಾಯಿಲೆ ಏನು, ನೋವು ಎಲ್ಲಿದೆ ಅಂತ ನಿನಗೆ ಗೊತ್ತು, ಅದನ್ನು ನಮಗೆ ಒಂದೊಂದಾಗಿ ತೋರಿಸುತ್ತಿದ್ದೀಯ. ಕುದುರೆಗೆ ಅದೇನೂ ಗೊತ್ತಿಲ್ಲ. ಇನ್ನೊಮ್ಮೆ ಮಾಡು. ಮಾಡಿದೆ. ಈಗಲೂ ಡಾಕ್ಟರೇ ಅಂದರು. ಮತ್ತೆ ಮಾಡಿದೆ. ಈ ಸಲ ಡಾಕ್ಟರಿಗೆ ಸಿಟ್ಟು ಬಂದಿದೆ ಅಂದರು. ಸುತ್ತ ಕೂತಿದ್ದ ಹುಡುಗ ಹುಡುಗಿಯರು ನಕ್ಕರು, ಕೆಟ್ಟದಾಗಿ ಅಲ್ಲ, ಆದರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಐದು ವರ್ಷ ರ‍್ಯಾಂಕ್ ತೆಗೆದವಳಿಗೆ ಇದೆಲ್ಲ ರೂಢಿಯಿಲ್ಲ ಅಮ್ಮಾ.

ನನಗಿಂತ ಹೆಚ್ಚು ಉರಿದದ್ದು ಅಪ್ಪನಿಗೆ. ಮೂಲೆಯ ಬೆಂಚಿನಿಂದಲೇ ಕನ್ನಡದಲ್ಲಿ, ನಡಿಯೇ ಹೋಗೋಣ, ಈ ಒಗೆಯೋ ಮನೆಯಲ್ಲಿ ನಿನ್ನನ್ನ ಕಲ್ಲಿಗೆ ಬಡೀತಾ ಇದಾರೆ ಅಂದರು. ಏನಂದರು ಅಂತ ಮೇಷ್ಟ್ರಮ್ಮ ನನ್ನನ್ನು ಕೇಳಿದರು. ನಿಮ್ಮ ನೆಲ ಬಹಳ ಸ್ವಚ್ಛವಾಗಿದೆ ಅಂತಿದ್ದಾರೆ ಅಂದೆ. ಅವರಿಗೆ ಕನ್ನಡ ಬರದಿದ್ದರೂ ದನಿ ತಿಳಿಯದೆ ಇರುತ್ತದೆಯೇ! ಈ ಕೋಣೆಯಲ್ಲಿ ಯಾರೂ ಸುಮ್ಮನೆ ಕೂತು ನೋಡುವ ಹಾಗಿಲ್ಲ, ಬನ್ನಿ ಅಂತ ಅಪ್ಪನನ್ನು ಕೈಹಿಡಿದು ನಡುವೆ ತಂದು ನಿಲ್ಲಿಸಿಬಿಟ್ಟರು. ನೀವು ದಿನಾ ಮಾಡುವ ಕೆಲಸ ಮಾಡಿ, ಅಷ್ಟೇ ಸಾಕು ಅಂದರು.

ಅಪ್ಪ ಬೇಡ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಎರಡು ಕುರ್ಚಿ ಎಳೆದು ಪಕ್ಕಪಕ್ಕ ಹಾಕಿದರು. ಕಾರು ತಯಾರಾಯಿತು. ಅದರ ಸುತ್ತ ಒಂದು ಸುತ್ತು ಬಂದು ಟೈರಿಗೆ ಒದ್ದು ನೋಡಿದರು. ಎಲ್ಲರೂ ನಕ್ಕಾಗ ಇನ್ನೊಂದು ಸಲ ಒದ್ದರು. ಬಾನೆಟ್ ತೆಗೆದು ಇಣುಕಿದರು, ಮೂಗು ಮುಚ್ಚಿಕೊಂಡರು. ನಗು ಜೋರಾದಷ್ಟೂ ಅವರ ಆಟ ಹೆಚ್ಚಿತು. ಮೇಷ್ಟ್ರಮ್ಮ ತಡೆದರು. ಇದು ನೀವು ನಮ್ಮನ್ನು ನಗಿಸಲು ಮಾಡುತ್ತಿರುವುದು, ದಿನಾ ಹೀಗೆ ಮಾಡುತ್ತೀರಾ ಅಂತ ಕೇಳಿದರು. ನಾನು ಅನುವಾದ ಮಾಡಿದೆ. ಈ ಸಲ ಸರಿಯಾಗಿಯೇ ಮಾಡಿದೆ. ಅಪ್ಪನ ಮುಖ ಸಪ್ಪಗಾಯಿತು. ಅಪ್ಪ ಮಗಳು ಇಬ್ಬರಿಗೂ ಒಂದೇ ದಿನ ಮಂಗಳಾರತಿ.

ಆಮೇಲೆ ಮೇಷ್ಟ್ರಮ್ಮ ಒಬ್ಬ ಎತ್ತರದ ಹುಡುಗಿಯನ್ನು ಕರೆದು ಸ್ಟೀರಿಂಗಿನ ಕುರ್ಚಿಯಲ್ಲಿ ಕೂರಿಸಿದರು. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ, ಕಲಿಸಿ ಅಂದರು. ಅಪ್ಪ ಪಕ್ಕದಲ್ಲಿ ಕೂತು ಕನ್ನಡದಲ್ಲೇ ಶುರು ಮಾಡಿದರು. ಕ್ಲಚ್ಚು, ಗೇರು, ಬ್ರೇಕು, ಇಷ್ಟು ಪದ ಲೋಕಕ್ಕೆಲ್ಲ ಒಂದೇ. ಹುಡುಗಿ ಜಾಣೆ, ಕೆಟ್ಟದಾಗಿ ಓಡಿಸಿದಳು. ಅಪ್ಪ ನಮ್ಮನ್ನು ಮರೆಯತೊಡಗಿದರು. ಅವರ ಕಣ್ಣು ಅವಳ ಕೈ ಮೇಲೆ, ರಸ್ತೆಯ ಮೇಲೆ, ಕನ್ನಡಿಯ ಮೇಲೆ. ಅಷ್ಟರಲ್ಲಿ ಇನ್ನೊಬ್ಬಳು, ಮೇಷ್ಟ್ರಮ್ಮನ ಸನ್ನೆಯಂತೆ, ಚೆಂಡಿನ ಹಿಂದೆ ಓಡುವ ಮಗುವಾಗಿ ಅಡ್ಡ ನುಗ್ಗಿದಳು. ಎತ್ತರದ ಹುಡುಗಿ ಕೈಕಾಲು ಆಡದೆ ಕಲ್ಲಾಗಿ ಕೂತಳು.

ಅಪ್ಪನ ಪಾದ, ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಡೆಗಿರುವ ಬ್ರೇಕ್ ಅಲ್ಲೇ ಇದ್ದ ಹಾಗೆ, ನೆಲವನ್ನು ಒತ್ತಿ ಹಿಡಿಯಿತು. ಒಂದು ಕೈ ಆ ಹುಡುಗಿಯ ಮುಂದೆ ಅಡ್ಡ ಬಂದು ನಿಂತಿತು. ಅಪ್ಪ ಬೈಯುತ್ತಾರೆ ಅಂದುಕೊಂಡೆ. ನನಗೆ ಕಲಿಸುವಾಗ ಬೈದದ್ದಷ್ಟೇ ನನ್ನ ನೆನಪಿನಲ್ಲಿದೆ.

"ಏನೂ ಆಗಿಲ್ಲಮ್ಮಾ," ಅಂದರು. ಎಷ್ಟು ಮೆಲ್ಲಗೆ ಅಂದರು ಗೊತ್ತಾ? "ಉಸಿರು ಬಿಡು. ನನ್ನ ಕಾಲು ಬ್ರೇಕ್ ಮೇಲೇ ಇತ್ತು."

ಆ ಹುಡುಗಿಗೆ ಕನ್ನಡದ ಗಂಧಗಾಳಿ ಇಲ್ಲ. ಆದರೂ ಉಸಿರು ಬಿಟ್ಟಳು. ಅವಳ ಜೊತೆ ನಾವೆಲ್ಲರೂ ಬಿಟ್ಟೆವು. ಅಪ್ಪ ಅವಳನ್ನು ಇಳಿಯಗೊಡಲಿಲ್ಲ. ಈಗಲೇ ಮತ್ತೆ ಕೀಲಿ ತಿರುಗಿಸು, ಮನೆಗೆ ಹೋಗಿ ಯೋಚನೆ ಮಾಡುತ್ತಾ ಕೂತರೆ ಇನ್ನು ಗಾಡಿ ಮುಟ್ಟುವುದಿಲ್ಲ ನೀನು ಅಂತ ಹೇಳಿ, ಅವಳು ಮತ್ತೆ ಹೊರಟು ಒಂದು ತಿರುವು ದಾಟುವವರೆಗೂ ಪಕ್ಕದಲ್ಲೇ ಕೂತಿದ್ದರು.

ಚಪ್ಪಾಳೆ ಯಾರೂ ಹೊಡೆಯಲಿಲ್ಲ. ಅಲ್ಲಿ ಆ ಪದ್ಧತಿಯೇ ಇಲ್ಲವಂತೆ. ಮೇಷ್ಟ್ರಮ್ಮ ನನ್ನ ಕಡೆ ತಿರುಗಿ ಕೇಳಿದರು. ಈಗ ನಿನ್ನ ತಂದೆ ನಮಗೆ ಕಾರು ತೋರಿಸುತ್ತಿದ್ದರಾ? ಇಲ್ಲ. ಆ ಹುಡುಗಿ ಹೆದರಬಾರದು ಅಂತಷ್ಟೇ ಅವರಿಗೆ ಬೇಕಿತ್ತು ಅಂದೆ. ಹಾಗಾದರೆ ನಿನ್ನ ಕುದುರೆಗೆ ಏನು ಬೇಕು ಅಂದರು.

ಅಮ್ಮಾ, ನಾನು ಅಷ್ಟು ಕುದುರೆಗಳನ್ನು ಮುಟ್ಟಿ ನೋಡಿದ್ದೇನೆ. ಏನಾಗಿದೆ ಅಂತ ಕೇಳಿದ್ದೇನೆಯೇ ಹೊರತು ಏನು ಬೇಕು ಅಂತ ಒಂದನ್ನೂ ಕೇಳಿರಲಿಲ್ಲ.

ಮತ್ತೆ ಹೋಗಿ ನಿಂತೆ. ಕೋಣೆಯ ಆ ತುದಿಯಲ್ಲಿ ಒಂದು ಬಕೆಟ್ ನೀರಿದೆ ಅಂತ ಅಂದುಕೊಂಡೆ. ನನಗೆ ಬಾಯಾರಿಕೆ. ಹೋಗಬೇಕು ಅಂದರೆ ಮುಂಗಾಲು ಊರಬೇಕು. ಅಷ್ಟೇ ನನಗೆ ಗೊತ್ತಿದ್ದದ್ದು. ಒಂದು ಹೆಜ್ಜೆ ಇಟ್ಟೆ, ನಿಂತೆ, ಸುಮ್ಮನಿದ್ದುಬಿಡೋಣ ಅನಿಸಿತು, ನೀರಿನ ವಾಸನೆ ಬಂತು. ಇನ್ನೊಂದು ಇಟ್ಟೆ. ಕಿವಿ ಎಲ್ಲಿತ್ತೋ, ಕತ್ತು ಹೇಗಿತ್ತೋ ನೆನಪಿಲ್ಲ. ಬಕೆಟಿನವರೆಗೆ ಹೋಗಿ ಕುಡಿದೆ. ತಲೆ ಎತ್ತಿದಾಗ ಮೇಷ್ಟ್ರಮ್ಮ ಹೂಂ ಅಂದು ಮುಂದಿನವನನ್ನು ಕರೆದರು. ಆ ಹೂಂ ಅನ್ನುವುದಕ್ಕೆ ಏನರ್ಥವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ ಅಪ್ಪ ಲೇಸು ಕಟ್ಟುತ್ತಾ, ನನ್ನ ಕಡೆ ನೋಡದೆ, ನೀನು ನೀರು ಕುಡಿಯೋವರೆಗೂ ನನಗೆ ಸಮಾಧಾನ ಇರಲಿಲ್ಲ ಅಂದರು.

ಬಕೆಟಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ ಅಮ್ಮಾ.

ಇಷ್ಟಾದ ಮೇಲೆ ಅಪ್ಪ ಒಪ್ಪಿಕೊಂಡುಬಿಟ್ಟರು ಅಂದುಕೊಂಡೆಯಾ? ಅವರು ನಿನ್ನ ಗಂಡ. ಟ್ರಾಮ್ ಸ್ಟಾಪಿನ ಬೆಂಚಿನಲ್ಲಿ ಕೂತ ತಕ್ಷಣ, ಆಟ ಚೆನ್ನಾಗಿತ್ತು, ಸೇರೋದು ದೊಡ್ಡ ಶಾಲೆಗೇ ಅಂದರು. ಅಲ್ಲಿ ಲೈಬ್ರರಿ ಇದೆ, ನರ್ಸ್ ಇದ್ದಾರೆ, ನಾಳೆ ಸರ್ಟಿಫಿಕೇಟು ತೋರಿಸಿದರೆ ನಾಲ್ಕು ಜನ ಹುಬ್ಬೇರಿಸುತ್ತಾರೆ. ಹಣದ ಮಾತು ನೀವಿಬ್ಬರೂ ಮೊದಲೇ ಮುಗಿಸಿದ್ದಿರಲ್ಲ, ಎರಡೂ ಕಡೆ ಫೀಸು ಒಂದೇ, ಹಾಗಾಗಿ ಆ ನೆಪ ಯಾರಿಗೂ ಸಿಗಲಿಲ್ಲ. ದೊಡ್ಡ ಶಾಲೆಯವರು ಮೆಚ್ಚಿದ್ದು ನನಗೆ ಈಗಾಗಲೇ ಬರುವುದನ್ನು, ಮೇಷ್ಟ್ರಮ್ಮ ಕೇಳುತ್ತಿರುವುದು ನನಗೆ ಬಾರದ್ದನ್ನು ಅಂದೆ. ಐದು ವರ್ಷ ಕಷ್ಟಪಟ್ಟು ಕಲಿತದ್ದನ್ನು ಮರೆತು ಬಾ ಅನ್ನೋರ ಹತ್ತಿರ ಯಾಕೆ ಹೋಗಬೇಕು ಅಂತ ಅಪ್ಪ ಕೇಳಿದರು. ಕೋಪದಿಂದ ಕೇಳಿದ್ದರೆ ಜಗಳ ಆಡಬಹುದಿತ್ತು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ನನ್ನ ಒಂದೊಂದು ಪರೀಕ್ಷೆಗೂ ಕಾರಿನಲ್ಲಿ ಬಿಟ್ಟು, ಗೇಟಿನ ಹೊರಗೆ ಕಾದವರು ಅವರೇ ತಾನೇ. ಮರೆಯುವುದಿಲ್ಲ ಅಪ್ಪಾ, ಸ್ವಲ್ಪ ಪಕ್ಕಕ್ಕಿಡುತ್ತೇನೆ ಅಂದೆ. ಟ್ರಾಮ್ ಬಂತು. ಇಬ್ಬರೂ ಬೇರೆ ಬೇರೆ ಕಿಟಕಿ ನೋಡುತ್ತಾ ಬಂದೆವು.

ನಿನ್ನೆ ಬೆಳಿಗ್ಗೆ ಅಪ್ಪ ಒಬ್ಬರೇ ದೊಡ್ಡ ಶಾಲೆಯನ್ನು ಇನ್ನೊಮ್ಮೆ ನೋಡಿ ಬರುತ್ತೇನೆ ಅಂತ ಹೊರಟರು. ಒಂದೇ ಕೈಗವಸು, ಜೇಬಿನಲ್ಲಿ ವಿಳಾಸ ಬರೆದ ಚೀಟಿ. ಅಲ್ಲಿ ಹೊರಗಿನವರಿಗೆ ಕ್ಲಾಸಿನೊಳಗೆ ಪ್ರವೇಶವಿಲ್ಲ, ಗಾಜಿನಾಚೆಯಿಂದ ನೋಡಬಹುದು. ಬಹಳ ಹೊತ್ತು ನಿಂತು ನೋಡಿದರಂತೆ. ಊಟದ ಹೊತ್ತಿಗೆ ಬಂದು ಕೋಟು ಬಿಚ್ಚದೆ ಮಂಚದ ಮೇಲೆ ಕೂತರು.

"ಅಲ್ಲಿ ಎಲ್ಲರೂ ಚೆನ್ನಾಗಿ ಮಾಡ್ತಿದಾರೆ ಕಣೇ," ಅಂದರು. "ಒಬ್ಬರೂ ತಪ್ಪು ಮಾಡ್ತಿಲ್ಲ. ಇನ್ನು ಅವರು ಕಲಿಸೋದು ಯಾವಾಗ?"

ಅಷ್ಟು ಹೇಳಿ, ನಿನಗೆ ಆ ಒಗೆಯೋ ಮನೆಯೇ ಸರಿ, ಹೋಗಿ ಹೂಂ ಅಂದು ಬಾ ಅಂದರು. ನಾನು ಕುಣಿದುಬಿಟ್ಟೆ.

ಇಲ್ಲಿ ನಿನಗೊಂದು ಗುಟ್ಟು. ಅಪ್ಪ ಅತ್ತ ಹೋದ ಕೂಡಲೇ ನಾನು ಇತ್ತ ಹೋಗಿ ಸಣ್ಣ ಶಾಲೆಗೆ ಸೇರುತ್ತೇನೆ ಅಂತ ಹೇಳಿಬಂದಿದ್ದೆ, ದೊಡ್ಡ ಶಾಲೆಗೆ ವಂದನೆ ತಿಳಿಸಿ ಬೇಡ ಅಂತ ಬರೆದೂ ಆಗಿತ್ತು. ಅವರು ಬಂದು ಬೇಡ ಅಂದರೆ ಹೇಗೆ ಹೇಳುವುದು ಅಂತ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಅಭ್ಯಾಸ ದಂಡವಾಯಿತು, ಸಂತೋಷ. ಅವರು ಅಪ್ಪಣೆ ಕೊಟ್ಟ ಮೇಲೆ ಮತ್ತೊಮ್ಮೆ ಬೂಟು ಹಾಕಿಕೊಂಡು ಹೊರಗೆ ಹೋಗಿ, ಬೇಕರಿಯಲ್ಲಿ ಒಂದು ಬನ್ ತಿಂದು, ಹೇಳಿಬಂದೆ ಅಪ್ಪಾ ಅಂದೆ. ಅನುಮತಿ ಕೊಟ್ಟದ್ದು ತಾವೇ ಅಂತ ಅವರು ತಿಳಿದುಕೊಂಡಿರಲಿ. ಕೊಟ್ಟದ್ದೂ ನಿಜವೇ ತಾನೇ?

ಡಿಗ್ರಿಯ ಚಿಂತೆ ಬೇಡ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಲಾಂಡ್ರಿಯ ಬೀದಿಯ ಕೊನೆಯಲ್ಲಿ ಒಂದು ಪ್ರಾಣಿಗಳ ಆಸ್ಪತ್ರೆಯಿದೆ. ರಜೆಯ ದಿನ ಬಂದು ಕೈಜೋಡಿಸುತ್ತೇನೆ ಅಂದರೆ ಅಲ್ಲಿನ ಡಾಕ್ಟರಮ್ಮ ಬಾ ಅಂದಿದ್ದಾರೆ. ನನಗೆ ಎರಡೂ ಬೇಕು. ಒಂದು ಕಡೆ ಏನಾಗಿದೆ ಅಂತ ಕೇಳುತ್ತೇನೆ, ಇನ್ನೊಂದು ಕಡೆ ಏನು ಬೇಕು ಅಂತ. ದೊಡ್ಡಪ್ಪನಿಗೆ ಏನು ಹೇಳಬೇಕೋ ನೀನೇ ಹೇಳು. ಎಕ್ಸ್‌ಚೇಂಜಿನಲ್ಲಿ ಕೂತು ಎಂಥೆಂಥವರನ್ನೋ ಸಮಾಧಾನ ಮಾಡುವವಳಿಗೆ ಅವರೊಬ್ಬರು ಯಾವ ಲೆಕ್ಕ.

ಅಪ್ಪ ಈ ಶನಿವಾರ ಹೊರಡುತ್ತಾರೆ. ಕೆಳಗೆ ಯಜಮಾನನ ವ್ಯಾನು ಈಗ ಒಂದೇ ಏಟಿಗೆ ಗೇಟಿನೊಳಗೆ ಬಂತು ಅಂತ ಕಾಣುತ್ತದೆ, ಇಬ್ಬರೂ ಗಟ್ಟಿಯಾಗಿ ನಗುತ್ತಿದ್ದಾರೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ
ಚಿನಕುರುಳಿ

ಮರೆತ ಮಾತು: ಇದನ್ನು ಬರೆಯಬಾರದು ಅಂತಲೇ ಇದ್ದೆ, ಆಗುತ್ತಿಲ್ಲ. ನಿನ್ನೆ ಸೇರುತ್ತೇನೆ ಅಂತ ಹೇಳಲು ಹೋದಾಗ ಆಫೀಸಿನಾಕೆ ಮಫ್ಲರು ಸರಿಮಾಡಿಕೊಳ್ಳುತ್ತಾ, ನಿಮ್ಮ ತಾಯಿಯ ಮಂಡಿನೋವು ಈಗ ಹೇಗಿದೆ ಅಂತ ಕೇಳಿದಳು. ನೀವು ಬೇರೆ ಯಾರನ್ನೋ ಅಂದುಕೊಂಡಿದ್ದೀರಿ ಅಂದೆ. ಅವಳು ನಕ್ಕಳು. ಸೀಟು ಸಿಕ್ಕಿದ ದಿನದಿಂದ ನೀನು ವಾರವಾರ ಫೋನ್ ಮಾಡುತ್ತಿದ್ದೀಯಂತೆ. ಚಾವಣಿ ಸೋರುತ್ತದಾ, ಟೀಚರು ತುಂಬಾ ಗದರುತ್ತಾರಾ, ಅಳುವ ಮಕ್ಕಳನ್ನು ಏನು ಮಾಡುತ್ತೀರಿ ಅಂತೆಲ್ಲ ವಿಚಾರಿಸಿದ್ದೀಯಂತೆ. ಆ ಇನ್ನೊಂದು ಶಾಲೆಗೂ ಮಾಡಿದ್ದೆಯಂತೆ, ಅಲ್ಲಿ ಯಂತ್ರ ಮಾತಾಡಿ ಒಂದು ಒತ್ತಿ ಎರಡು ಒತ್ತಿ ಅಂದಿತಂತೆ. ಇಷ್ಟೆಲ್ಲ ತಿಳಿದಿಟ್ಟುಕೊಂಡು ನನಗೆ ಒಂದು ಮಾತೂ ಹೇಳದೆ ಹೇಗೆ ಇದ್ದೆ ಅಮ್ಮಾ? ಮಂಡಿನೋವಿನ ಸುದ್ದಿಯನ್ನೂ ನಾನು ಇಲ್ಲಿಗೆ ಬಂದು ತಿಳಿಯಬೇಕಾಯಿತು. ಹೋದ ವಾರ ನೀನು ಕೇಳಿದ ಕೊನೆಯ ಪ್ರಶ್ನೆಯನ್ನೂ ಅವಳು ಹೇಳಿದಳು: ನನ್ನ ಮಗಳು ಯಾವುದನ್ನು ಆರಿಸುತ್ತಾಳೋ ಗೊತ್ತಿಲ್ಲ, ನಿಮ್ಮಲ್ಲಿಗೇ ಬಂದರೆ, ಅವಳು ಮನೆಗೆ ಮಾತಾಡದ ದಿನ ನಾನು ಮಾಡಿದರೆ ನೀವು ಫೋನ್ ಎತ್ತುತ್ತೀರಾ?

ಎತ್ತುತ್ತಾಳಂತೆ.